ಕೆರೆಗೆ ಬೆನ್ನು ಹಾಕಿದ ಬೆಂಚು

ಮಗಳು ತಂದು ನಿಲ್ಲಿಸಿದ್ದ ಗಾಲಿಕುರ್ಚಿಯನ್ನು ಆಂಕೆರ್ ಊರುಗೋಲಿನಿಂದ ಒಂದು ನೂಕು ನೂಕಿದ. ಅದು ಸಾವಿನ ಮನೆಯ ಪದ್ಧತಿಯಂತೆ ಅಂಗಳಕ್ಕೆಲ್ಲ ಹರಡಿದ್ದ ಸ್ಪ್ರೂಸ್ ಮರದ ಸೊಪ್ಪಿನ ಮೇಲೆ ಉರುಳಿಕೊಂಡು ಹೋಗಿ ಬೇಲಿಗೆ ತಾಗಿ ನಿಂತಿತು.

"ನಾನೇನು ಮೀನಿನ ಪೆಟ್ಟಿಗೆಯಾ, ತಳ್ಕೊಂಡು ಹೋಗೋಕೆ?"

"ಅಪ್ಪಾ, ಇವತ್ತೊಂದು ದಿನ ಹಟ ಬಿಡು," ಎಂದಳು ರಾಗ್ನಿ. "ಡಾಕ್ಟರು ಹೇಳಿದ್ದು ಮರೆತುಹೋಯ್ತಾ? ಅಮ್ಮನ ಹಿಂದೇನೇ ನೀನೂ ಹೊರಡೋ ಲೆಕ್ಕಾನಾ?"

"ಹೌದು, ಹೊರಡ್ತೀನಿ. ಚರ್ಚಿನವರೆಗೆ. ನಡ್ಕೊಂಡು."

ಮನೆಯೊಳಗೆ ಹಾಡು ಆಗಷ್ಟೇ ಮುಗಿದಿತ್ತು. ಹಾಡದೆ ಹೆಣವನ್ನು ಹೊಸಿಲು ದಾಟಿಸುವುದು ಆ ಕಡೆಯವರಿಗೆ ಒಗ್ಗದ ಮಾತು. ಅವನ ಹೆಂಡತಿ ಯೂರಿದಳ ಬಿಳಿಯ ಶವಪೆಟ್ಟಿಗೆ ಅಂಗಳದಲ್ಲಿ ನಾಲ್ಕು ಚಕ್ರದ ತಳ್ಳುಗಾಡಿಯ ಮೇಲೆ ಕಾಯುತ್ತಿತ್ತು. ರಸ್ತೆಯಲ್ಲಿ ಹೋದರೆ ಚರ್ಚು ಕೂಗಳತೆಯ ದೂರ. ಆದರೆ ತನ್ನನ್ನು ಕೆರೆ ಸುತ್ತಿಸಿಯೇ ಒಯ್ಯಬೇಕೆಂದು ಯೂರಿದ್ ಬಾಯಿಬಿಟ್ಟು ಹೇಳಿಹೋಗಿದ್ದಳು. ಶವದ ವಾಹನದವನು ಮೊದಲು ಗೊಣಗಿದ. ಆಮೇಲೆ ಹೋಗಿ ದಾರಿಯನ್ನು ಬೂಟುಗಾಲಲ್ಲಿ ಒತ್ತಿ ನೋಡಿ, "ನಮ್ಮ ಗಾಡಿ ಚರ್ಚಿನ ಒಳಗಿಂತ ಇಲ್ಲೇ ಚೆನ್ನಾಗಿ ಓಡುತ್ತೆ ಬಿಡಿ," ಎಂದು ಒಪ್ಪಿಕೊಂಡ.

ಓಡದೆ ಏನು? ಆ ದಾರಿಯನ್ನು ಹಾಗೆ ಹದ ಮಾಡಿದವಳೇ ಅವಳು. ನೆರೆಹೊರೆಯವರನ್ನು ಕಾಫಿಯ ಆಸೆ ತೋರಿಸಿ ಎಳೆದುಕೊಂಡು ಹೋಗಿ ಜಲ್ಲಿ ಹಾಕಿಸಿದಳು, ಜೌಗಿಗೆ ಹಲಗೆ ಹೊದಿಸಿದಳು, ಮರಮರಕ್ಕೂ ನೀಲಿ ಬಣ್ಣದ ಗುರುತು ಬಳಿದಳು. ಕೂಸಿನ ಗಾಡಿ ತಳ್ಳುವ ಬಾಣಂತಿಯಿಂದ ಹಿಡಿದು ಮಂಡಿನೋವಿನ ಮುದುಕಿಯವರೆಗೆ ಊರೆಲ್ಲ ಅಲ್ಲಿ ಓಡಾಡಿತು, ಆಂಕೆರ್ ಒಬ್ಬನನ್ನು ಬಿಟ್ಟು. ಚಳಿಗಾಲದ ಸಮುದ್ರದಲ್ಲಿ ಕಾಡ್ ಮೀನು ಹಿಡಿದ ಗಂಡಸು, ಹೆಂಡತಿಯ ಕೈಹಿಡಿದು ಕೊಳ ಸುತ್ತುವುದೇ? ಅದಕ್ಕೆ 'ಅಜ್ಜಿಯರ ಹೆದ್ದಾರಿ' ಎಂದು ಹೆಸರಿಟ್ಟು ನಕ್ಕಿದ್ದ. ಒಮ್ಮೆ ಅರ್ಧ ದಾರಿ ಹೋಗಿ ಬಂದದ್ದು ಬಿಟ್ಟರೆ, ಅವಳು ಕರೆದಾಗಲೆಲ್ಲ ನಾಳೆ ಎಂದಿದ್ದ. ಇನ್ನು ನಾಳೆ ಎನ್ನಲು ಅವಳೇ ಇರಲಿಲ್ಲ. ಅವಳ ಜೊತೆ ಒಮ್ಮೆ ಪೂರ್ತಿ ಸುತ್ತುವುದಿದ್ದರೆ ಇವತ್ತೇ ಸುತ್ತಬೇಕು, ಅದೂ ತನ್ನ ಕಾಲ ಮೇಲೆ. ಇದನ್ನು ಅವನು ರಾಗ್ನಿಗೆ ಹೇಳಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಗಾಡಿಯ ಹಿಂದೆ ಹೋಗಿ ನಿಂತ.

ಬರ್ಚ್ ಮರಗಳು ಆಗಷ್ಟೇ ಚಿಗುರಿದ್ದವು. ಮೊದಲ ಏರು ಮುಗಿಯುವಷ್ಟರಲ್ಲಿ ಆಂಕೆರನ ಎದೆ ತಿದಿಯಂತೆ ಏರಿಳಿಯತೊಡಗಿತು. ಇನ್ನೊಂದು ಹೆಜ್ಜೆಯೂ ಆಗದು ಎನ್ನುವಾಗ ಪಕ್ಕದಲ್ಲೇ ಒಂದು ಬೆಂಚು ಕಂಡಿತು. ಕುಸಿದು ಕೂತ. ಗಾಡಿ ತಳ್ಳುತ್ತಿದ್ದ ಯೋಸ್ಟೆನ್ ಎಲ್ಲರನ್ನೂ ನಿಲ್ಲಿಸಿದ. ಪುರಸಭೆಯಲ್ಲಿ ಬೆಂಚು, ಬೇಲಿ, ಬೀದಿದೀಪ ನೋಡಿಕೊಳ್ಳುವ ದಪ್ಪ ಆಸಾಮಿ ಅವನು.

"ಈ ಬೆಂಚುಗಳ ವಿಷಯಕ್ಕೆ ಯೂರಿದ್ ನಮ್ಮ ತಲೆ ತಿಂದಿದ್ದು ಅಷ್ಟಿಷ್ಟಲ್ಲ," ಎಂದ ಯೋಸ್ಟೆನ್. "ಇಲ್ಲಿ ನೋಡೋಕೆ ಏನಿದೆ ಹೇಳಿ? ಬರೀ ಪೊದೆ. ಇನ್ನು ಸ್ವಲ್ಪ ಮುಂದೆ, ಆ ತಿರುವಲ್ಲಿ ಹಾಕೋಣ, ನೀರು ಚೆನ್ನಾಗಿ ಕಾಣುತ್ತೆ ಅಂದೆ. ಊಹೂಂ. ಇಲ್ಲೇ ಬೇಕು ಅಂದ್ರೆ ಇಲ್ಲೇ."

ಬೆಂಚಿನ ಕಾಲ ಬಳಿ ಪಾಚಿ ಹಿಡಿದ ಒಂದು ಬರ್ಚ್ ಮೋಟು ಇತ್ತು. ಆಂಕೆರ್ ಅದನ್ನೇ ನೋಡಿದ. ಆ ಮೋಟು ಅವನಿಗೆ ಗೊತ್ತಿತ್ತು.

*

ಎದೆಯ ಆಪರೇಷನ್ ಆದ ವರ್ಷದ ವಸಂತ. ನಡೆಯಲೇಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಯೂರಿದ್ ಅವನನ್ನು ಕೆರೆಯ ದಾರಿಗೆ ಎಳೆದುಕೊಂಡು ಬಂದಿದ್ದಳು. ಈ ಮೋಟಿನ ಮೇಲೆ ಕೂತು ಅವನು ಡಾಕ್ಟರನ್ನೂ ದಾರಿಯನ್ನೂ ಒಟ್ಟಿಗೆ ಬೈದಿದ್ದ. ಆಮೇಲೆ ಒಂದು ಬಂಡೆಯ ಮೇಲೆ ಕೂತ. ಕೊನೆಗೆ ಜೌಗು ದಾಟಿದ ಮೇಲೆ, ಪೇರಿಸಿಟ್ಟ ಹಲಗೆಗಳ ಮೇಲೆ.

"ಸಾಕು ಮಾರಾಯ್ತಿ, ನನ್ನ ಕೈಲಾಗಲ್ಲ. ಮುಂದಿನ ಬೇಸಿಗೆಗೆ ಪೂರ್ತಿ ಸುತ್ತೋಣ."

"ಆಯ್ತು ಬಿಡು. ದಾರಿ ಎಲ್ಲಿಗೂ ಓಡಿಹೋಗಲ್ಲ."

ಅವತ್ತು ನಡೆಯುವಾಗೆಲ್ಲ ಅವಳು ನೆಲ ನೋಡಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ತನ್ನನ್ನೇ ಒಳಗೊಳಗೆ ಬಯ್ಯುತ್ತಿದ್ದಾಳೆ ಎಂದುಕೊಂಡಿದ್ದ ಆಂಕೆರ್. ಮುಂದಿನ ಬೇಸಿಗೆಗೆ ಎದೆ ಸರಿಹೋಯಿತು, ದೋಣಿ ಕರೆಯಿತು. ಸುತ್ತುವ ಮಾತು ಮೂಲೆಗೆ ಬಿತ್ತು.

*

ಎರಡನೆಯ ಬೆಂಚು ಆ ಬಂಡೆಯ ಪಕ್ಕದಲ್ಲೇ ಇತ್ತು. ಮೂರನೆಯದು ಜೌಗಿನ ಆಚೆ ದಡದಲ್ಲಿ. ಮೂರೂ ಸಲ ಅವನ ಉಸಿರು ಮುಗಿಯುವುದಕ್ಕೂ ಬೆಂಚು ಸಿಗುವುದಕ್ಕೂ ಸರಿಹೋಗಿತ್ತು. ಅವಳು ಅವತ್ತು ಬಯ್ಯುತ್ತಿರಲಿಲ್ಲ, ಅವನ ಹೆಜ್ಜೆ ಎಣಿಸುತ್ತಿದ್ದಳು. ಅಷ್ಟು ತಿಳಿದದ್ದೇ ಆಂಕೆರ್ ಬೆಂಚಿನ ಹಲಗೆಯನ್ನು ಒಮ್ಮೆ ಸವರಿದ. ಹೆಣದ ಮೆರವಣಿಗೆಯಲ್ಲಿ ಬರಬಾರದ ಒಂದು ಖುಷಿ ಅವನಿಗೆ ಬಂತು.

ಅಲ್ಲಿಗೆ ರಸ್ತೆ ಹತ್ತಿರ. ರಾಗ್ನಿ ಅಪ್ಪನ ಮುಖದ ಬೆವರು ನೋಡಿದಳು.

"ಕಾರು ತರಿಸ್ತೀನಪ್ಪಾ. ಇಲ್ಲಿವರೆಗೆ ಬಂದ್ಯಲ್ಲ, ಅಮ್ಮನಿಗೆ ಅಷ್ಟೇ ಸಾಕು."

"ಬೇಡ. ಮುಂದೆ ಬೆಂಚಿದೆ."

"ನಿನಗೆ ಹೇಗೆ ಗೊತ್ತು? ಇಲ್ಲಿಂದಾಚೆಗೆ ನೀನು ಬಂದೇ ಇಲ್ಲ!"

"ನಾನು ಬಂದಿಲ್ಲ. ನಿಮ್ಮಮ್ಮ ಬಂದಿದಾಳಲ್ಲ."

ಹೀಗೆ ಹೇಳಿ ಕೋಲೂರಿ ಎದ್ದೇಬಿಟ್ಟ. ಸಮುದ್ರದಲ್ಲಿ ಮಂಜು ಕವಿದಾಗ ದೀಪವನ್ನು ನಂಬಿ ದೋಣಿ ಬಿಡುತ್ತಿದ್ದ ಹಾಗೆ, ಕಾಣದ ಬೆಂಚನ್ನು ನಂಬಿ ನಡೆದ. ಹಿಂದಿನಿಂದ ಜನ ಪಿಸುಗುಟ್ಟುತ್ತಿದ್ದರು. ಪಿಸುಗುಟ್ಟಲಿ. ಉಸಿರು ಕೈಕೊಡುವ ಹೊತ್ತಿಗೆ ಬೆಂಚು ಬಂತು. ಮತ್ತೆ ಎದ್ದ, ಮತ್ತೆ ನಡೆದ, ಮತ್ತೆ ಬೆಂಚು ಬಂತು. ಅವನು ತುಳಿಯದ ನೆಲವನ್ನೂ ಅವಳು ಅವನ ಉಸಿರಿನ ಅಳತೆಗೇ ಹೊಲಿದಿಟ್ಟಿದ್ದಳು.

ಕೊನೆಯ ಬೆಂಚು ಕೆರೆಗೂ ಸಮುದ್ರಕ್ಕೂ ನಡುವಿನ ಕಿರಿದಾದ ದಿಬ್ಬದ ಮೇಲೆ, ಚರ್ಚಿನ ಎದುರಿಗೇ ಇತ್ತು. ಯೋಸ್ಟೆನ್ ನಿಟ್ಟುಸಿರು ಬಿಟ್ಟ.

"ಇದೊಂದರ ಕತೆ ಮಾತ್ರ ಕೇಳಬೇಡಿ. ಕೆರೆ ನೋಡೋಕೆ ಅಂತ ನಾವು ಇಟ್ರೆ, ಬೆಳಗಾಗೋದ್ರೊಳಗೆ ಕೆರೆಗೆ ಬೆನ್ನು ಹಾಕಿರ್ತಿತ್ತು. ಯಾರೋ ಪೋಲಿಗಳ ಕೆಲಸ ಅಂತ ತಿರುಗಿಸಿಟ್ವಿ. ಮತ್ತೆ ಬೆನ್ನು! ವರ್ಷಗಟ್ಟಲೆ ಇದೇ ಆಟ. ಕೊನೆಗೆ ನೋಡಿದ್ರೆ ನಿಮ್ಮ ಹೆಂಡ್ತಿ. ಯಾಕೆ ಅಂದ್ರೆ, ಬೆನ್ನಿಗೆ ಬಿಸಿಲು ಬೇಕು ಅಂದ್ರು. ಇವತ್ತು ಬೆಳಿಗ್ಗೆ ನಾನೇ ಬಂದು ಸರಿ ಮಾಡಿಟ್ಟೆ. ಅವರ ಮರ್ಯಾದೆಗೆ."

ಆಂಕೆರ್ ಕೂತ. ಎದುರಿಗೆ ಕೆರೆ, ಚಿಗುರಿದ ಬರ್ಚು, ಬಾತುಕೋಳಿ. ಬೆನ್ನು ಹಾಕುವಂಥದ್ದು ಏನೂ ಇರಲಿಲ್ಲ. ಹಾಗಾದರೆ ಅವಳು ನೋಡುತ್ತಿದ್ದದ್ದು ಏನನ್ನು? ಕತ್ತು ಹೊರಳಿಸಿ ಬೆನ್ನ ಹಿಂದೆ ನೋಡಿದ. ದೋಣಿ ನಿಲ್ಲಿಸುವ ಎರಡು ಕೊಟ್ಟಿಗೆಗಳ ನಡುವಿನ ಸಂದಿನಲ್ಲಿ ಅಲೆತಡೆ ಗೋಡೆಯ ತುದಿಯ ದೀಪಕಂಬ, ಅದರಾಚೆ ಕಡಲು. ಬಂದರಿಗೆ ಯಾವ ದೋಣಿ ಬಂದರೂ ಆ ಸಂದಿನಲ್ಲೇ ಮೊದಲು ಕಾಣಬೇಕು.

*

ಅವನು ಯಾವ ಹೊತ್ತಿಗೆ ಮನೆ ಸೇರಿದರೂ ಯೂರಿದ್ ಆಗಷ್ಟೇ ಆಲೂಗಡ್ಡೆ ಬಸಿಯುತ್ತಿದ್ದಳು. ಕಿಟಕಿಯ ಗಾಜಿನ ಮೇಲೆ ಹಬೆ, ಮೇಜಿನ ಮೇಲೆ ಬೆಣ್ಣೆ. ನಸುಕಾಗಲಿ, ಸಂಜೆಯಾಗಲಿ, ಒಮ್ಮೆಯೂ ಆರಿರಲಿಲ್ಲ, ಒಮ್ಮೆಯೂ ಹಸಿಯಿರಲಿಲ್ಲ. "ನನ್ನ ಹೆಂಡತಿ ಮೂಗಿಗೆ ದೋಣಿ ವಾಸನೆ ಬರುತ್ತೆ ಕಣ್ರೋ," ಎಂದು ಜೊತೆಯವರ ಮುಂದೆ ಮೀಸೆ ತಿರುವುತ್ತಿದ್ದ. ಒಂದು ಚಳಿಗಾಲ, ಬಿರುಗಾಳಿಗೆ ಸಿಕ್ಕಿ ಎಲ್ಲರೂ ಆಸೆ ಬಿಟ್ಟ ಮೇಲೆ ಬಂದಾಗಲೂ ಆಲೂಗಡ್ಡೆ ಹಬೆಯಾಡುತ್ತಿತ್ತು. ಅವಳ ಮೂಗು, ಕೆನ್ನೆ ಕೆಂಪಗೆ ಒಡೆದುಹೋಗಿದ್ದವು.

"ಏನೇ ಇದು ಮುಖ?"

"ಒಲೆ ಮುಂದೆ ನಿಂತಿದ್ದೆ. ಕೂತ್ಕೋ, ಆರುತ್ತೆ."

ಅವನು ನಂಬಿ ಉಂಡಿದ್ದ.

*

"ತಿರುಗಿಸು," ಎಂದ ಆಂಕೆರ್, ಬೆಂಚಿನಿಂದ ಎದ್ದು.

"ಏನನ್ನ?" ಎಂದ ಯೋಸ್ಟೆನ್.

"ಬೆಂಚನ್ನ ಕಣೋ. ಸಮುದ್ರದ ಕಡೆಗೆ."

"ಈಗಲಾ? ಚರ್ಚಲ್ಲಿ ಕಾಯ್ತಿದಾರೆ..."

"ಕಾಯಲಿ. ಇವಳು ಕಾದಷ್ಟು ಯಾರೂ ಕಾಯಲ್ಲ."

ಕರಿಕೋಟಿನ ನಾಲ್ವರು ಸೇರಿ ಬೆಂಚನ್ನು ಎತ್ತಿ ತಿರುಗಿಸಿದರು. ಆಂಕೆರ್ ಗಾಡಿಯನ್ನು ಪಕ್ಕಕ್ಕೆ ತರಿಸಿ, ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟು ಕೂತ. ಯಾರ ಹಂಗೂ ಇಲ್ಲದೆ ಅತ್ತ. ರಾಗ್ನಿ ಬಂದು ಪಕ್ಕದಲ್ಲಿ ಕೂತಳು. ಸಂದಿನತ್ತ ನೋಡಿದಳು, ಅಪ್ಪನ ಮುಖ ನೋಡಿದಳು.

"ಅಮ್ಮ ಇಲ್ಲಿಂದ ನಿನ್ನ ದೋಣಿ ನೋಡ್ತಿದ್ಲಾ?"

"ನೋಡ್ಬಿಟ್ಟು ಮನೆಗೆ ಓಡ್ತಿದ್ಲು. ಒಲೆ ಹಚ್ಚೋಕೆ."

ಗಂಟೆ ಮೊಳಗಿತು. ಆಂಕೆರ್ ಮುಖ ಒರೆಸಿಕೊಂಡು ಎದ್ದ. ಚರ್ಚಿನ ಬಾಗಿಲವರೆಗೆ ಗಾಡಿಯ ಹಿಡಿಕೆಯನ್ನು ತಾನೇ ಹಿಡಿದ. ಯೋಸ್ಟೆನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಣ್ಣು ಮಾಡಿ ಬರುವಾಗ ಊರ ಅಂಗಳಗಳಲ್ಲಿ ಅವಳ ಸಾವಿಗೆಂದು ಅರ್ಧಕ್ಕಿಳಿಸಿದ್ದ ಬಾವುಟಗಳು ಒಂದೊಂದಾಗಿ ಮೇಲೇರುತ್ತಿದ್ದವು. ಚರ್ಚಿನ ಸಭಾಮನೆಯಲ್ಲಿ ಸೀಗಡಿ ಹೇರಿದ ಬ್ರೆಡ್ಡು, ಕೆನೆ ಕೇಕು, ಕಾಫಿ. ಒಬ್ಬೊಬ್ಬರೇ ಎದ್ದು ಯೂರಿದಳ ಬಗ್ಗೆ ಮಾತಾಡಿದರು. ಆಂಕೆರನ ಸರದಿ ಬಂದಾಗ ಅವನು ಕಾಫಿಯ ಬಟ್ಟಲು ಎತ್ತಿ, "ಪೂರ್ತಿ ಸುತ್ತಿ ಬಂದೆ," ಎಂದಷ್ಟೇ ಹೇಳಿ ಕೂತ.

"ಯೋಸ್ಟೆನ್ ಎಲ್ಲಿ?" ಎಂದು ರಾಗ್ನಿ ಕೇಳಿದಳು. "ಕೇಕು ಅಂದ್ರೆ ಮೊದಲು ಹಾಜರಾಗೋ ಮನುಷ್ಯ."

ಆಂಕೆರ್ ಕಿಟಕಿಯತ್ತ ತಿರುಗಿದ. ದಿಬ್ಬದ ಮೇಲೆ ಯೋಸ್ಟೆನ್ ಕರಿಕೋಟನ್ನು ಕಳಚಿ ಬೆಂಚಿನ ಮೇಲಿಟ್ಟು, ಜಲ್ಲಿಯಲ್ಲಿ ಮಂಡಿಯೂರಿ, ಅದರ ಕಾಲುಗಳನ್ನು ನೆಲಕ್ಕೆ ಸೇರಿಸಿ ಬೋಲ್ಟು ಬಿಗಿಯುತ್ತಿದ್ದ. ಬೆಂಚಿನ ಬೆನ್ನು ಕೆರೆಯ ಕಡೆಗಿತ್ತು.