ಅಂಟಕ್ಕಿಯ ಪಾಲಿನ ಮಾತು

ನನ್ನ ಅತ್ತೆ ಪೊನಿರಾ ತೀರಿಕೊಂಡು ಸಾವಿರ ದಿನ ತುಂಬಿದಾಗ, ಅವರ ಸಾವಿರದ ಊಟಕ್ಕೆ ಮಾತು ಬರೆದುಕೊಟ್ಟವಳು ನಾನೇ. ತಪ್ಪು ನನ್ನದು ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಕಾರಾಂಗ್‌ವುನಿ ಕೇರಿಯಲ್ಲಿ ಸತ್ತವರಿಗೆ ಸಾವಿರದ ಊಟವೇ ಕೊನೆಯದು. ಅಲ್ಲಿಯವರೆಗೆ ಜೀವ ಮನೆಯ ಆಸುಪಾಸಿನಲ್ಲೇ ಸುಳಿದಾಡುತ್ತಿರುತ್ತದೆ. ಆ ದಿನ ಪಾರಿವಾಳ ಹಾರಿಬಿಟ್ಟ ಮೇಲೆ ಹೊರಟೇಹೋಗುತ್ತದೆ. ಹೊರಡುವ ಮುಂಚೆ, ಚಾಪೆಯ ಮೇಲಿಟ್ಟ ಒಂದೊಂದು ತಿನಿಸೂ ಏತಕ್ಕೆ, ಯಾರಿಗೆ ಎಂದು ಒಬ್ಬರು, ಹಿರಿಯರೆದುರು ಆಡುವ ದೊಡ್ಡ ಜಾವಾ ಮಾತಿನಲ್ಲಿ ಹೇಳಬೇಕು. ಮಾತು ನಿಂತಲ್ಲೆಲ್ಲ ಕೂತ ಗಂಡಸರು ‘ಅಹುದು’ ಅನ್ನಬೇಕು. ಹೀಗೆ ಹೇಳದ ಊಟವನ್ನು ಯಾರೂ ಮುಟ್ಟುವುದಿಲ್ಲ.

ನಲವತ್ತು ವರ್ಷ ಊರಿನವರಿಗೆಲ್ಲ ಹೇಳಿದವರು ನನ್ನ ಮಾವ ಕರ್ತೊಸೆಂತೊನೊ. ಸ್ವಂತ ಹೆಂಡತಿಗೆ ಹೇಳಬೇಕಾದ ದಿನಕ್ಕೆ ಇನ್ನೆರಡು ತಿಂಗಳಿದೆ ಅನ್ನುವಾಗ ಅವರಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿತು, ನಾಲಿಗೆ ಸುಧಾರಿಸಲಿಲ್ಲ. ದಿನಾ ಬೆಳಗ್ಗೆ ಹಿತ್ತಲಲ್ಲಿ ಕೂತು ಬಾಯಾಡಿಸುತ್ತಿದ್ದರು. ಗಂಟಲಿನಿಂದ ಗೊರಗೊರ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಆಮೇಲೆ ಅಳುತ್ತಿದ್ದರು. ಅದನ್ನು ನೋಡಲಾಗದೆ ನಾನು ಗಂಡ ಜುಮಾದಿಯನ್ನು ಹಿಡಿದುಕೊಂಡೆ.

“ಮಗ ನೀನು. ನೀನೇ ಹೇಳು.”

“ನಂಗೆಲ್ಲಿ ಬರತ್ತೆ? ಬರೀ ಅಹುದು ಅಂದ್ಕೊಂಡು ಬೆಳೆದೋನು ಕಣೇ ನಾನು.”

“ಪಕ್ಕದೂರಿಂದ ಕರೆಸು ಹಾಗಾದ್ರೆ.”

“ಅಲ್ಲಿ ಹೇಳ್ತಿದ್ದವ್ರೂ ಹೋದ ವರ್ಷ ಹೋದ್ರು. ಅವ್ರ ಏಳನೇ ದಿನದ ಊಟಕ್ಕೂ ಅಪ್ಪನೇ ಹೇಳಿದ್ದು.”

ನಾನು ಹುಟ್ಟಿ ಬೆಳೆದದ್ದು ದೂರದ ಬೆಕಾಸಿ ಪಟ್ಟಣದಲ್ಲಿ. ಮನೆಯಲ್ಲೂ ಶಾಲೆಯಲ್ಲೂ ಇಂಡೊನೇಷ್ಯಾ ಭಾಷೆ. ಈಗ ಪಾಠ ಹೇಳುವುದೂ ಅದರಲ್ಲೇ. ಸಂತೆಗೆ ಸಾಕಾಗುವಷ್ಟು ಜಾವಾ ಮಾತು ಕಲಿತಿದ್ದೆ, ಅಷ್ಟೇ. ದೇವರಿಗೆ ಎಲ್ಲ ಭಾಷೆಯೂ ಬರುತ್ತದಲ್ಲ ಅಂದುಕೊಂಡು, ನನಗೆ ಬರುವ ಭಾಷೆಯಲ್ಲೇ ಒಂದು ಪುಟ ಚೆಂದವಾಗಿ ಬರೆದು ಕೇರಿಯ ಮುಖ್ಯಸ್ಥ ಗಿಯಾರ್ತೊ ಕೈಗೆ ಕೊಟ್ಟೆ. ಬರೆದದ್ದಕ್ಕೆ ಒಳಗೊಳಗೇ ಜಂಬವೂ ಇತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಾಪೆ ತುಂಬ ಗಂಡಸರು ಸೇರಿದರು. ನಾವು ಅಡುಗೆಯ ಹೆಂಗಸರು ಬಿದಿರು ತಡಿಕೆಯ ಈಚೆ ಇದ್ದೆವು. ಸಂದಿಯಲ್ಲಿ ಆಚೆಯದೆಲ್ಲ ಕಾಣುತ್ತಿತ್ತು. ಗಿಯಾರ್ತೊ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

“ಸನ್ಮಾನ್ಯ ಬಂಧುಗಳೇ, ದಿವಂಗತ ಶ್ರೀಮತಿ ಪೊನಿರಾ ಅವರ ಪುಣ್ಯಸ್ಮರಣೆಯ ಪ್ರಯುಕ್ತ…”

ಎರಡು ನಿಮಿಷದಲ್ಲಿ ಓದಿ ಮುಗಿಸಿದ. ‘ಅಹುದು’ ಅನ್ನಲು ಎಲ್ಲೂ ಜಾಗ ಸಿಗದೆ ಜನ ಬಾಯಿ ತೆರೆದು ಮುಚ್ಚಿದರು. ಊಟಕ್ಕೆ ಒಬ್ಬರೂ ಕೈ ಚಾಚಲಿಲ್ಲ.

“ತಗೊಳ್ಳಿ, ಶುರು ಮಾಡಿ,” ಅಂದ ಗಿಯಾರ್ತೊ.

ಕೇರಿಯ ಹಿರಿಯ ದರ್ಸೊ ಕೂತಲ್ಲಿಂದಲೇ ಹೇಳಿದರು, “ಏನ್ ತಗೊಳ್ಳೋದಪ್ಪ? ಇನ್ನೂ ಹೇಳೇ ಇಲ್ವಲ್ಲ.”

“ಈಗ ತಾನೇ ಓದಿದ್ನಲ್ಲ, ದೊಡ್ಡಪ್ಪ.”

“ನಮಗೆ ಓದ್ದೆ. ಪೊನಿರಂಗೆ? ಆಸ್ಪತ್ರೇಲಿ ಡಾಕ್ಟ್ರು ಏನಂದ್ರು ಅಂತ ಸೊಸೇನ ಕೇಳ್ತಿದ್ದೋಳು ಅವಳು. ಆ ಭಾಷೇಲಿ ಹೊರಡು ಅಂದ್ರೆ ತಿಳಿಯತ್ತಾ ಅವಳಿಗೆ?”

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ನಿಜವಾದ ಮಾತು. ಹಾಸಿಗೆ ಹಿಡಿದ ಮೂರು ತಿಂಗಳು ಅವರು ನನ್ನ ಕೈ ಹಿಡಿದು, ಏನಂತೆ, ಏನಂತೆ ಎಂದು ಕೇಳುತ್ತಲೇ ಇದ್ದರು.

ಆಗ ಮಾವ ಮೊಣಕಾಲ ಮೇಲೆ ಮುಂದೆ ಸರಿದು, ಗೋಪುರದಂತೆ ಎತ್ತಿಟ್ಟ ಅನ್ನದ ಮೇಲೆ ಬೆರಳಿಟ್ಟರು. ಇಟ್ಟ ಬೆರಳನ್ನು ತೆಗೆಯಲಿಲ್ಲ. ಎಲ್ಲರೂ ನೋಡುತ್ತ ಕೂತರು.

ನನ್ನ ಪಕ್ಕದಲ್ಲಿ ಸುಮಿನಿ ಲೋಟ ತೊಳೆಯುತ್ತಿದ್ದಳು. ಆ ಅನ್ನ ಬಸಿದು ಎತ್ತಿಟ್ಟವಳು ಅವಳೇ. ದಿನವಿಡೀ ಕೋಳಿಗಳನ್ನು ಬೈಯುವ ಬಾಯಿ ಅವಳದು. ಅವಳು ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ತಡಿಕೆಯ ಕಡೆ ತಿರುಗಿ ದೊಡ್ಡ ಜಾವಾ ಮಾತಿನಲ್ಲೇ ಅಂದಳು.

“ಬೆಟ್ಟದಂತೆ ಎತ್ತಿರಿಸಿದ ಈ ಅನ್ನವು, ತಾಯಿ ಪೊನಿರಾ ನಡೆದು ಬಾಳಿದ ಈ ನೆಲಕ್ಕೆ ವಂದನೆ. ಕೂಡಿ ಬಂದ ತಾವೆಲ್ಲರೂ ಸಾಕ್ಷಿಗಳಾಗಬೇಕು.”

ಚಾಪೆಯ ಮೇಲೆ ಗಂಡಸರು ಬೆಚ್ಚಿದರು. ಬೆಚ್ಚಿದರೂ ಬಾಯಿ ತಾನಾಗಿ ಅಂದುಬಿಟ್ಟಿತು. “ಅಹುದು.”

ಮಾವನ ಬೆರಳು ಕೋಳಿಯ ಮೇಲೆ ಬಂತು. ಕೋಳಿ ಬೇಯಿಸಿದ್ದ ವಾಗಿನಾ ಒಲೆಯ ಬಳಿ ಕೂತಲ್ಲಿಂದ ಏಳದೆಯೇ ಅಂದಳು.

“ಕಾಲು ಮಡಿಸಿ ತಲೆ ಬಾಗಿಸಿದ ಈ ಕೋಳಿಯು, ಒಡೆಯನ ಮುಂದೆ ಬಾಗಿದ ಜೀವ. ಬಾಗಿದ ಜೀವಕ್ಕೆ ಬಾಗಿಲು ತೆರೆಯಲಿ.”

“ಅಹುದು.”

ಆಮೇಲೆ ಆಪೆಂ. ಅದು ಮುದುಕಿ ತುಕಿಯೆಂ ಹುಯ್ಯುವ ದೋಸೆ.

“ದುಂಡಗಿನ ಈ ಆಪೆಂ, ಹೋಗುವ ದಾರಿಗೆ ನೆರಳು. ಆಡಿದ ಮಾತಿನಲ್ಲಿ ತಪ್ಪಿದ್ದರೆ ಉಳಿದವರು ಮನ್ನಿಸಿದ್ದಾರೆ.”

“ಅಹುದು.”

ಇವರೊಂದಿಗೆ ಹದಿನಾಲ್ಕು ವರ್ಷ ತೆಂಗಿನಕಾಯಿ ತುರಿದಿದ್ದೇನೆ. ಇಂಥದ್ದೊಂದು ಇವರೊಳಗೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ತಾನು ಮಾಡಿದ ತಿನಿಸಿನ ಸರದಿ ಬಂದಾಗ ಪ್ರತಿಯೊಬ್ಬಳೂ ತಡಿಕೆಗೆ ಕಿವಿ ಕೊಟ್ಟಿದ್ದಾಳೆ, ಅಷ್ಟೇ. ಇಡೀ ಮಾತು ಯಾರೊಬ್ಬರಿಗೂ ಬರುವುದಿಲ್ಲ. ಆದರೆ ಮಾವನ ಬೆರಳು ಹೋದಲ್ಲೆಲ್ಲ ಒಂದು ಗಂಟಲು ಕಾದು ಕೂತಿತ್ತು.

ಕೊನೆಗೆ ಬೆರಳು ಅಂಟಕ್ಕಿಯ ತಟ್ಟೆಗೆ ಬಂತು. ಅಂಟಕ್ಕಿ ಅತ್ತೆಯ ಪಾಲಿನದು. ನಲವತ್ತು ವರ್ಷ ಬೇರೆ ಯಾರೂ ಮಾಡಿದವರಿಲ್ಲ. ಅವರು ಹೋದ ಮೇಲೆ ನಾನು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಈ ಮೂರು ವರ್ಷದಲ್ಲಿ ಎಷ್ಟು ಊಟಕ್ಕೆ ಬೇಯಿಸಿ ಕಳಿಸಿದ್ದೇನೋ. ತಟ್ಟೆ ಆಚೆ ಹೋದ ಕೂಡಲೇ ಫೋನ್ ನೋಡುತ್ತ ಕೂರುತ್ತಿದ್ದೆ. ನಾಚಿಕೆಯಿಂದ ನೆಲ ನೋಡಿದೆ.

ಆಚೆ ಮಾವನ ತುಟಿ ಆಡತೊಡಗಿತು. ಗೊರಗೊರ ಸದ್ದೂ ಇರಲಿಲ್ಲ. ಗಂಡಸರು ತಲೆ ತಗ್ಗಿಸಿ, ಕೇಳುವಂತೆಯೇ ಕೂತಿದ್ದರು. ತುಟಿ ನಿಂತಿತು.

“ಅಹುದು,” ಅಂದರು ಎಲ್ಲರೂ, ಒಟ್ಟಿಗೆ.

ಮತ್ತೆ ತುಟಿ ಆಡಿತು, ನಿಂತಿತು. “ಅಹುದು.” ಏನಂದರೆಂದು ಯಾರಿಗೂ ಗೊತ್ತಿಲ್ಲ, ಎಲ್ಲಿ ಮುಗಿಯಿತೆಂದು ಎಲ್ಲರಿಗೂ ಗೊತ್ತು. ಜುಮಾದಿ ಅಂಗಳಕ್ಕಿಳಿದು ಬುಟ್ಟಿಯ ಮುಚ್ಚಳ ತೆಗೆದ. ಪಾರಿವಾಳ ಸೂರಿನ ಮೇಲೆ ಒಂದು ಸುತ್ತು ಹಾಕಿ ಹೋಯಿತು. ಆಮೇಲೆ ಜನ ಊಟಕ್ಕೆ ಕೈ ಹಾಕಿದರು.

ತುಕಿಯೆಂ ಮೆಲ್ಲಗೆ ಹೇಳಿದಳು, “ಅಂಟಕ್ಕಿ ಮಾತು ನಿನ್ನ ಮಾವನ ಜೊತೆಗೇ ಹೋಗತ್ತೆ ಇನ್ನು.”

ಅಷ್ಟರಲ್ಲಿ ಮಾವ ಅಡುಗೆಮನೆಯೊಳಗೆ ಬಂದರು. ಊಟದ ದಿನ ಗಂಡಸರು ಅಲ್ಲಿಗೆ ಕಾಲಿಡುವುದಿಲ್ಲ. ಕೈಯಲ್ಲಿ ಅಂಟಕ್ಕಿಯ ತಟ್ಟೆ. ನನ್ನೆದುರು ಕೂತು, ನನ್ನ ಬೆರಳು ಹಿಡಿದು ತಟ್ಟೆಯ ಮೇಲಿಟ್ಟು, ಎಳೆಮಗುವಿಗೆ ಕಲಿಸುವ ಹಾಗೆ ನಿಧಾನವಾಗಿ ತುಟಿ ಆಡಿಸಿದರು.

ಅವರ ತುಟಿ ನೋಡಿಕೊಂಡು ಒಂದು ಪದ ಅಂದೆ. ಅವರು ತಲೆ ಅಲ್ಲಾಡಿಸಿದರು. ಸುಮಿನಿ ಲೋಟ ತೊಳೆಯುವುದನ್ನು ನಿಲ್ಲಿಸಿದಳು. ಇನ್ನೊಂದು ಪದ ಅಂದೆ. ಅದೂ ಅಲ್ಲ. ಮಾವ ಮತ್ತೆ ಮೊದಲಿನಿಂದ ಆಡಿಸಿದರು, ಇನ್ನೂ ನಿಧಾನವಾಗಿ. ನಾನು ಮತ್ತೆ ಅಂದೆ.

ನಲವತ್ತು ವರ್ಷ ಬೇರೆಯವರಿಂದ ಅನ್ನಿಸಿಕೊಂಡದ್ದನ್ನು ಅವರ ತುಟಿ ನನಗೆ ಅಂದಿತು, ಅಹುದು ಎಂದು.