ಎಡಗಡೆಯ ಕಚ್ಚು

ಅಂಗಡಿಯ ಬೋರ್ಡಿನ ಮೇಲೆ ‘ಎಡಚಿ ಟೈಲರ್’ ಎಂದು ದಪ್ಪಕ್ಷರದಲ್ಲಿ ಬರೆಸಿದವಳು ಅವಳೇ. ಜನ ಬೆನ್ನ ಹಿಂದೆ ಆಡಿಕೊಳ್ಳುವ ಹೆಸರನ್ನು ಬಾಗಿಲ ಮೇಲೆಯೇ ತೂಗುಹಾಕಿಬಿಟ್ಟರೆ ಆಡಿಕೊಳ್ಳುವುದಕ್ಕೆ ಇನ್ನೇನು ಉಳಿಯುತ್ತದೆ? ಐವತ್ತೆಂಟು ವರ್ಷದ ಆ ಹೆಂಗಸಿನ ಸ್ವಭಾವವೇ ಅಂಥದ್ದು.

ಅಂಗಡಿ ಅಂದರೆ ಒಂದೇ ಕೋಣೆ. ಕಾಲಲ್ಲಿ ತುಳಿಯುವ ಒಂದು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೇಜಿನ ಮೂಲೆಯಲ್ಲಿ ಒಂದು ಬೆಳ್ಳಿ ನಾಣ್ಯ. ಯಾವುದೋ ಕಾಲದ ರಾಜನ ತಲೆಯಿರುವ ಆ ದಪ್ಪ ನಾಣ್ಯ ಅವಳ ಅಪ್ಪನದು. ಅಪ್ಪನೂ ಟೈಲರ್. ಕಾಲರಿನ ತುದಿಯ ಮೇಲೆ ನಾಣ್ಯ ಇಟ್ಟು, ಅಂಚಿನ ಗುಂಟ ಚಾಕ್ ಎಳೆದು ದುಂಡಗೆ ಗೆರೆ ಹಾಕುತ್ತಿದ್ದ. ಚಾಕಿನ ತುದಿ ಶುರುವಿನಲ್ಲೇ ಜಾರದಿರಲೆಂದು ನಾಣ್ಯದ ಬಲ ಅಂಚಿಗೆ ಅರದಿಂದ ತನ್ನ ಬಲಗೈಗೆ ಒಗ್ಗುವಂತೆ ಓರೆಯಾಗಿ ಒಂದು ಕಚ್ಚು ಹಾಕಿಕೊಂಡಿದ್ದ. ಎಡ ಅಂಚಿನಲ್ಲೂ ಒಂದು ಕಚ್ಚಿತ್ತು. ಅದರ ಕಥೆ ಬೇರೆ.

ಆ ನಾಣ್ಯದ ಮೇಲೆ ಈಗ ತಮ್ಮನ ಕಣ್ಣು ಬಿದ್ದಿತ್ತು. ಮೊಬೈಲಿನಲ್ಲಿ ಅಂಥದ್ದೇ ಒಂದರ ಚಿತ್ರ ನೋಡಿ, ಅದರ ಬೆಲೆ ಕೇಳಿ, ಊಟ ಬಿಟ್ಟು ಓಡಿ ಬಂದಿದ್ದ.

“ಅಕ್ಕಾ, ನಂಗೆ ಒಂದು ಕಾಸೂ ಬೇಡ. ಮಾರಿ ನೀನು ಎರಡು ಕರೆಂಟ್ ಮೆಷಿನ್ ತಗೋ. ಸ್ಕೂಲಿನೋರು ಏನಂದ್ರು? ಎರಡು ಮೆಷಿನ್ ಇದ್ರೆ ನಾನೂರು ಯೂನಿಫಾರ್ಮೂ ನಿಂಗೇ ಅಂದ್ರಲ್ವಾ?”

ಅಂದದ್ದು ನಿಜ. ಸೋಮವಾರದೊಳಗೆ ಹೇಳಬೇಕಿತ್ತು. ಹೊಲಿಗೆ ಅಂದರೆ ಮಾರು ದೂರ ಓಡುತ್ತಿದ್ದ ತಮ್ಮ, ಆಫೀಸಿನ ಕುರ್ಚಿ ಹಿಡಿದು ಕೂತ ಮೇಲಾದರೂ ಅಕ್ಕನ ಕೆಲಸದ ಬಗ್ಗೆ ಯೋಚಿಸಿದನಲ್ಲ ಎಂದು ಅವಳಿಗೆ ಒಳಗೊಳಗೇ ಹಿತವೆನಿಸಿತು. ಮೊಣಕಾಲು ಬೇರೆ ಈಚೆಗೆ ಮೆಷಿನ್ ತುಳಿಯುವಾಗೆಲ್ಲ ಲಟಲಟ ಅನ್ನುತ್ತಿತ್ತು. ಎರಡು ದಿನ ಯೋಚಿಸಿದಳು. ಮೂರನೆಯ ದಿನ ಹೊಸ ಮೆಷಿನ್ನುಗಳು ಎಲ್ಲಿ ಕೂರುತ್ತವೆ ಎಂದು ನೆಲದ ಮೇಲೆ ಚಾಕಿನಲ್ಲಿ ಎರಡು ಚೌಕ ಬರೆದೇಬಿಟ್ಟಳು. ಮುಕ್ಕಾಲು ಪಾಲು ಮನಸ್ಸು ಮಾಡಿದ್ದಳು ಅನ್ನಿ.

ಶನಿವಾರ ಮಧ್ಯಾಹ್ನ ತಮ್ಮ ಹಳೆ ನಾಣ್ಯದ ವ್ಯಾಪಾರಿಯನ್ನು ಕರೆತಂದ. ಇಸ್ತ್ರಿ ಮುರಿಯದ ಅಂಗಿ, ಕೈಗೆ ಬಿಳಿ ಗ್ಲೌಸು. ನಾಣ್ಯವನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ನೋಡಿದ.

“ಇಸವಿ ಸರಿಯಾಗಿದೆ. ಆ ವರ್ಷ ಟಂಕಿಸಿದ್ದೇ ಕಡಿಮೆ,” ಅಂದ. ತಮ್ಮನ ಮುಖ ಅರಳಿತು. ವ್ಯಾಪಾರಿ ನಾಣ್ಯವನ್ನು ಒಂದು ಸುತ್ತು ತಿರುಗಿಸಿದ. “ಅಯ್ಯಯ್ಯೋ! ಯಾರ್ರೀ ಇದಕ್ಕೆ ಅರ ಹಾಕಿದ ಕಟುಕ? ಒಂದಲ್ಲ, ಎರಡು ಕಡೆ!”

“ಕಟುಕ ಅಲ್ಲ, ಟೈಲರ್,” ಅಂದಳು ಅವಳು.

ವ್ಯಾಪಾರಿ ನಗಲಿಲ್ಲ. “ನೋಡಿಮ್ಮ, ಹೀಗೇ ಕೊಟ್ರೆ ಒಂದು ಮೆಷಿನ್ನಿಗೆ ಆಗೋಷ್ಟು ಬರುತ್ತೆ. ಆದ್ರೆ ನಮ್ಮ ಹತ್ರ ಒಬ್ಬ ಕೆಲಸಗಾರ ಇದಾನೆ. ಬೆಳ್ಳಿ ತುಂಬಿ ಅಂಚು ತಿದ್ದಿದ್ರೆ ಕಚ್ಚು ಇತ್ತು ಅಂತಾನೇ ಯಾರಿಗೂ ಗೊತ್ತಾಗಲ್ಲ. ಅದಕ್ಕೆ ಒಪ್ಪೋದಾದ್ರೆ ಎರಡು ಮೆಷಿನ್ನಿನ ದುಡ್ಡು ಈಗ್ಲೇ ಎಣಿಸ್ತೀನಿ. ನೀವು ಒಂದು ಸಹಿ ಹಾಕಬೇಕು ಅಷ್ಟೇ.”

“ಏನಂತ?”

“ನಾಣ್ಯ ಇಷ್ಟು ದಿನ ಪೆಟ್ಟಿಗೇಲೇ ಇತ್ತು, ಮನೇಲಿ ಯಾರೂ ಇದನ್ನ ಬಳಸಿಲ್ಲ ಅಂತ.”

ಅವಳು ಅವನ ಬೆರಳಲ್ಲಿದ್ದ ನಾಣ್ಯದ ಕಡೆ ಬಾಗಿದಳು. ಎಡಗಡೆಯ ಕಚ್ಚನ್ನೇ ನೋಡುತ್ತ ನಿಂತಳು.

ಆಗ ಅವಳಿಗೆ ಹನ್ನೆರಡು ವರ್ಷ. ಎಡಗೈಯಲ್ಲಿ ಊಟ ಮಾಡುತ್ತಾಳೆ, ಬರೆಯುತ್ತಾಳೆ ಎಂದು ದೊಡ್ಡಮ್ಮ ಆ ಕೈಯನ್ನು ಬಟ್ಟೆಯ ಪಟ್ಟಿಯಿಂದ ಬೆನ್ನಿಗೆ ಕಟ್ಟಿಹಾಕುತ್ತಿದ್ದಳು. ಅಪ್ಪನ ಅಂಗಡಿಯಲ್ಲಿ ಕಟ್ಟು ಬಿಚ್ಚಿಕೊಂಡು ಅವಳು ಕಾಲರಿಗೆ ಗೆರೆ ಹಾಕುತ್ತಿದ್ದ ಒಂದು ದಿನ ದೊಡ್ಡ ಗಿರಾಕಿಯೊಬ್ಬ ನೋಡಿ ಮೂಗು ಮುರಿದ. ಎಡಗೈಯವಳು ಮುಟ್ಟಿದ ಅಂಗಿ ತನಗೆ ಬೇಡ ಅಂದ. ಅಪ್ಪ ಮಾತಿನ ಮನುಷ್ಯನಲ್ಲ. ಕತ್ತರಿ ಸಾಣೆ ಹಿಡಿಯುವ ಅರ ತೆಗೆದು, ಆ ಗಿರಾಕಿಯ ಎದುರಿಗೇ ನಾಣ್ಯದ ಎಡ ಅಂಚನ್ನು ಕರಕರ ಉಜ್ಜಿದ. ಹೊಸ ಕಚ್ಚಿನೊಳಗೆ ಚಾಕಿಟ್ಟು ಮಗಳ ಕೈಗೆ ಕೊಟ್ಟ. “ಇನ್ಮೇಲೆ ಈ ಅಂಗಡೀಲಿ ಕಾಲರೆಲ್ಲ ಇವಳೇ ಬರೆಯೋದು. ಬೇಡ ಅನ್ನೋರು ಬೇರೆ ಕಡೆ ಹೊಲಿಸ್ಕೊಳ್ಳಿ,” ಅಂದ. ಗಿರಾಕಿ ಎದ್ದು ಹೋದ. ಮೂರು ತಿಂಗಳ ಮೇಲೆ ತಾನಾಗಿಯೇ ಬಂದ, ಕಾಲರಿನ ವಿಷಯಕ್ಕೆ ತುಟಿಪಿಟಿಕ್ಕೆನ್ನಲಿಲ್ಲ. ಆವತ್ತಿನಿಂದ ದೊಡ್ಡಮ್ಮನ ಪಟ್ಟಿಯೂ ಕಾಣೆಯಾಯಿತು.

ಆ ಕಚ್ಚನ್ನು ಈಗ ಯಾರೂ ಬಳಸಿಲ್ಲವಂತೆ! ನಲವತ್ತಾರು ವರ್ಷದಲ್ಲಿ ಎಷ್ಟು ಸಾವಿರ ಕಾಲರುಗಳು ಅದರಿಂದ ಹೊರಟವೋ ಲೆಕ್ಕ ಇಟ್ಟವರಿಲ್ಲ.

“ಒಂದು ಸಹಿ ತಾನೇ ಅಕ್ಕಾ,” ಅಂದ ತಮ್ಮ ಮೆಲ್ಲಗೆ.

“ಯಾವ ಕೈಲಿ ಹಾಕ್ಲೋ?”

ತಮ್ಮ ತನ್ನ ಬೆರಳನ್ನೇ ನೋಡಿಕೊಂಡ. ದೊಡ್ಡಮ್ಮ ಪಟ್ಟಿ ಕಟ್ಟುವಾಗ ಗಂಟಿನ ಮೇಲೆ ಬೆರಳಿಟ್ಟು ಹಿಡಿದುಕೊಳ್ಳುತ್ತಿದ್ದವನು ಅವನೇ. ಐದು ವರ್ಷದ ಮಗು, ಆಟ ಅಂದುಕೊಂಡಿದ್ದ. ಆದರೂ ನೆನಪಿತ್ತು.

ಅವಳು ವ್ಯಾಪಾರಿಯ ಮುಂದೆ ಕೈ ಚಾಚಿದಳು. ಸಹಿಗೆ ಪೆನ್ನು ಕೇಳುತ್ತಿದ್ದಾಳೆಂದು ಅವನು ಪೆನ್ನು ಕೊಡಲು ಹೋದ. “ಅದಲ್ಲ, ನಾಣ್ಯ,” ಅಂದಳು. ಮೇಜಿನ ಖಾನೆಯಿಂದ ಅಪ್ಪನ ಅರ ತೆಗೆದಳು.

“ಈ ಕಚ್ಚು ಸವೆದು ಆರು ತಿಂಗಳಾಯ್ತು. ಚಾಕ್ ಜಾರ್ತಿದೆ. ಇವತ್ತು ಮಾಡೋಣ, ನಾಳೆ ಮಾಡೋಣ ಅಂತಾನೇ ಇದ್ದೆ.”

“ಏನ್ ಮಾಡ್ತಿದೀರಾ? ಬೇಡಮ್ಮ! ಅದರ ಬೆಲೆ ಗೊತ್ತಾ ನಿಮಗೆ?” ವ್ಯಾಪಾರಿ ಕೂಗಿಕೊಂಡ.

“ನಂಗೆ ಗೊತ್ತು. ನಿಮಗೇ ಗೊತ್ತಿಲ್ಲ.”

ಕರಕರ ಸದ್ದು ಕೋಣೆ ತುಂಬಿತು. ಬೆಳ್ಳಿಯ ಪುಡಿ ಅವನ ಬಿಳಿ ಗ್ಲೌಸಿನ ಮೇಲೂ ಒಂದಿಷ್ಟು ಉದುರಿತು. ಕಚ್ಚು ರಾಜನ ಮೂಗಿನ ಹತ್ತಿರದವರೆಗೂ ಇಳಿಯಿತು. ಇನ್ನು ಯಾವ ಕೆಲಸಗಾರ ಬಂದರೂ ಅದನ್ನು ಮುಚ್ಚುವಂತಿರಲಿಲ್ಲ. ವ್ಯಾಪಾರಿ ಭೂತಗನ್ನಡಿ ಜೇಬಿಗಿಳಿಸಿ, ಹುಚ್ಚರ ಸಹವಾಸ ಸಾಕು ಅನ್ನುವಂತೆ ಮೆಟ್ಟಿಲಿಳಿದು ಹೋದ.

ತಮ್ಮ ನೆಲದ ಮೇಲಿನ ಎರಡು ಚೌಕಗಳನ್ನು ನೋಡುತ್ತ ನಿಂತಿದ್ದ. “ಸ್ಕೂಲಿನೋರಿಗೆ ಏನಂತೀಯ?”

“ನಾನೂರು ಆಗಲ್ಲ, ನೂರು ಹೊಲೀತೀನಿ ಅಂತೀನಿ. ಕೊಟ್ರೆ ಕೊಡ್ಲಿ, ಇಲ್ಲಾಂದ್ರೆ ಬಿಡ್ಲಿ.” ಮೊಣಕಾಲು ನೋಯುತ್ತಿತ್ತು. ಎರಡು ಮೆಷಿನ್ನು ಅಂದರೆ ಹುಡುಗಾಟವಲ್ಲ. ಆದರೂ ಅವಳು ಚಪ್ಪಲಿ ಕಾಲಿನಿಂದ ಎರಡೂ ಚೌಕ ಅಳಿಸಿಹಾಕಿದಳು. “ಸುಮ್ನೆ ಯಾಕೆ ನಿಂತಿದೀಯ? ಬಾ, ಬಟ್ಟೆ ಹಿಡ್ಕೋ.”

ತಮ್ಮ ಬಂದು ಬಟ್ಟೆಯ ಆ ತುದಿ ಹಿಡಿದುಕೊಂಡ. ಅವಳು ಕಾಲರಿನ ಮೇಲೆ ನಾಣ್ಯವಿಟ್ಟು ಎಡಗೈಯಲ್ಲಿ ಚಾಕ್ ಹಿಡಿದಳು. ತುದಿ ಹೋಗಿ ಕಚ್ಚಿನೊಳಗೆ ಕೂತಿತು. ಈ ಸಲ ಜಾರಲಿಲ್ಲ.