ಪಾಯಿಂಟ್ ಮಾಡಿದವಳು

ಹಂಪಾಪುರದ ಸುತ್ತಮುತ್ತ ಜಿಯಾಲಜಿಸ್ಟ್ ಅಂದರೆ ಒಂದೇ ಅರ್ಥ: ಬೋರ್‌ವೆಲ್ಲಿಗೆ ಪಾಯಿಂಟ್ ಮಾಡಿಕೊಡುವವರು. ನೆಲದಡಿ ನೀರು ಬಿಟ್ಟು ಬೇರೇನೋ ಇದೆ, ಅದನ್ನು ಓದಲು ಜನ ವರ್ಷಗಟ್ಟಲೆ ಸವೆಯುತ್ತಾರೆ ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಸಂಘಮಿತ್ರ ಓದುತ್ತಿದ್ದುದು ಜ್ವಾಲಾಮುಖಿಗಳನ್ನು. ಭೂಮಿಯೊಳಗೆ ಕರಗಿದ ಕಲ್ಲು, ಅಂದರೆ ಮ್ಯಾಗ್ಮಾ, ಕೋಣೆ ಕಟ್ಟಿಕೊಂಡು ಕೂತಿರುತ್ತದೆ. ಅದೆಲ್ಲ ಒಮ್ಮೆಲೇ ಹೊರಗೆ ನುಗ್ಗಿ ಕೋಣೆ ಖಾಲಿಯಾದರೆ ಮೇಲಿನ ಬೆಟ್ಟವೇ ಕುಸಿದು ದೊಡ್ಡ ಹಳ್ಳವಾಗುತ್ತದೆ. ಆ ಹಳ್ಳಕ್ಕೆ ಕ್ಯಾಲ್ಡೆರಾ ಅಂತ ಹೆಸರು. ಇದನ್ನು ಅವಳು ಅಪ್ಪ ಅಂಕಯ್ಯನಿಗೆ ಮೂರು ಸಲ ಬಿಡಿಸಿ ಹೇಳಿದ್ದಳು. ಮೂರು ಸಲವೂ ಅವನು ಪೂರ್ತಿ ಕೇಳಿ, "ಅಂಗಾರೆ ನೀರು ಎಷ್ಟಡೀಲಿ ಸಿಕ್ತದೆ?" ಅಂದಿದ್ದ.

ನಾಲ್ಕು ದಿನದ ರಜೆಗೆ ಊರಿಗೆ ಬಂದವಳು ಈ ಪ್ರಶ್ನೆಗೇ ಸಿಕ್ಕಿಹಾಕಿಕೊಂಡಳು. ಕೇರಿಗೆ ಪಂಚಾಯ್ತಿಯಿಂದ ಒಂದು ಬೋರ್ ಮಂಜೂರಾಗಿತ್ತು. ಅಲ್ಲಿಯ ತನಕ ಹೆಂಗಸರು ಮೇಲಿನ ಬೀದಿಯ ಟ್ಯಾಂಕಿನ ಹತ್ತಿರ ಕಾದು ನಿಂತು, ಅಲ್ಲಿಯವರ ಬಿಂದಿಗೆಗಳೆಲ್ಲ ತುಂಬಿದ ಮೇಲೆ ಉಳಿದದ್ದನ್ನು ಹಿಡಿದುಕೊಂಡು ಬರಬೇಕಿತ್ತು. ಅವಳ ಅವ್ವ ಕೆಂಪಾಜಮ್ಮ ಮದುವೆಯಾಗಿ ಬಂದಾಗಿನಿಂದ ಹಾಗೇ ನಿಂತವಳು. ಈ ಬೋರ್ ಕೈಕೊಟ್ಟರೆ ಇನ್ನೊಂದು ಯಾವ ಕಾಲಕ್ಕೋ. ಅಂಥದ್ದರಲ್ಲಿ ಅಂಕಯ್ಯ, ಪಾಯಿಂಟ್ ಮಾಡಲು ಬಂದಿದ್ದವನನ್ನು ಬಾಗಿಲಿಂದಲೇ ವಾಪಸ್ಸು ಕಳಿಸಿದ್ದ. "ನನ್ ಮಗಳೇ ಜಿಯಾಲಜಿಸ್ಟು ಕಣಯ್ಯ, ನೀ ಓಗು!"

ಸಾಲದ್ದಕ್ಕೆ, ಅವಳು ಬರುವ ಮುಂಚೆಯೇ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಕೇರಿಯೆಲ್ಲ ಸುತ್ತಿದ್ದ. ಸಮುದಾಯ ಭವನದ ಮುಂದೆ ಕಾಯಿ ನೆಟ್ಟಗೆ ಎದ್ದು ನಿಂತಿತಂತೆ, ಅಂದರೆ ಅಡಿಯಲ್ಲಿ ನೀರಿದೆ ಅಂತ ಲೆಕ್ಕ. ಅಲ್ಲಿ ಒಂದು ಕಲ್ಲಿಟ್ಟು ಅರಿಸಿನ ಹಚ್ಚಿದ. ಮಗಳು ಬಂದ ಕೂಡಲೇ ಎಲ್ಲರೆದುರು ಕೇಳಿದ: "ಸರಿಯಾಗೈತಾ ಮಗ?"

ಸಂಘಮಿತ್ರ ನೆಲ ನೋಡಿದಳು. ಇಳಿಜಾರಿಗೆ ಅಡ್ಡಲಾಗಿ ಕಪ್ಪು ಗುಂಡುಕಲ್ಲುಗಳ ಸಾಲೊಂದು ಬಂದು ಭವನದ ಅಡಿಗೆ ನುಗ್ಗಿತ್ತು. ಅದೇನೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಕೋಟಿಗಟ್ಟಲೆ ವರ್ಷಗಳ ಹಿಂದೆ ಮ್ಯಾಗ್ಮಾ ಬಿರುಕಿನೊಳಗೆ ಮೇಲೇರಿ, ಅಲ್ಲೇ ಹೆಪ್ಪುಗಟ್ಟಿದ ಗೋಡೆ ಅದು; ನೀರು ನಿಲ್ಲಲು ಅದರೊಳಗೆ ಸಂದೇ ಇರುವುದಿಲ್ಲ. ಅಪ್ಪನ ಕಲ್ಲು ಆ ಗೋಡೆಯ ನೆತ್ತಿಯ ಮೇಲೆ ಕೂತಿತ್ತು. ಆಮೇಲೆ ಅವಳು ಅಪ್ಪನ ಮುಖ ನೋಡಿದಳು, ನೋಡಬಾರದಿತ್ತು. ಹೂಂ ಅಂತ ತಲೆಯಾಡಿಸಿಬಿಟ್ಟಳು.

ಮೂರನೆಯ ದಿನ ಬೆಳಿಗ್ಗೆ ಬೋರ್ ಲಾರಿ ಬಂತು. ಪಾಯಿಂಟ್ ಮಾಡಿದವರು ನೀರು ಬರುವ ತನಕ ಜಾಗ ಬಿಟ್ಟು ಏಳಬಾರದು ಅನ್ನುವುದು ಈ ಕಡೆಯ ಪದ್ಧತಿ. ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೊರಳಿಗೆ ಹಾರ ಹಾಕಿ ಅವಳನ್ನು ಕೂರಿಸಿದರು. ಎದುರಿಗೆ ಬಿಂದಿಗೆಗಳ ಸಾಲು, ಮೊದಲನೆಯದು ಕೆಂಪಾಜಮ್ಮನದು. ಸುತ್ತಲೂ ಇಡೀ ಕೇರಿ. ಎದ್ದು ಓಡೋಣವೆಂದರೂ ದಾರಿ ಇರಲಿಲ್ಲ. ಇದಕ್ಕಿಂತ ಹೊಗೆಯಾಡುವ ಬೆಟ್ಟದ ಬಾಯಲ್ಲಿ ಕೂರುವುದೇ ವಾಸಿ ಅಂತ ಅವಳಿಗೆ ನಿಜವಾಗಿಯೂ ಅನ್ನಿಸಿತು.

ನೂರೈವತ್ತು ಅಡಿಗೆ ಕಪ್ಪು ಪುಡಿ. ಇನ್ನೂರಕ್ಕೆ ಅದೇ ಪುಡಿ. ಮುನ್ನೂರಕ್ಕೂ ಅದೇ, ಒಣಗಿದ್ದು.

"ಕರೀಕಲ್ಲು ಬುಡ್ತಾನೇ ಇಲ್ಲ ಕಣ್ರೀ," ಅಂದ ಲಾರಿಯ ಕಂಠಪ್ಪ. "ಮಂಜೂರಾಗಿರೋದು ಎಂಟ್ನೂರಡಿ. ಒಂದೇ ಗುಂಡಿ ತೆಗುದ್ರೂ ಅಷ್ಟೇ, ಎಲ್ಡು ತೆಗುದ್ರೂ ಅಷ್ಟೇ. ಏನ್ ಮಾಡಾನ ಮೇಡಂ?"

"ಇಲ್ಲೇ ಒಡೀರಿ, ಬತ್ತದೆ!" ಅಂದ ಅಂಕಯ್ಯ. "ನನ್ ಮಗಳು ಮಾಡಿರೋ ಪಾಯಿಂಟು."

ಸುಮ್ಮನಿದ್ದರೆ ಉಳಿದ ಐನೂರು ಅಡಿಯೂ ಗೋಡೆಯೊಳಗೇ ಮುಗಿಯುತ್ತದೆ. ಕೇರಿಯ ಹಣೆಬರಹ ಅಂದುಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ, ಅಪ್ಪನ ಮಾನ ಉಳಿಯುತ್ತದೆ. ನಾಳೆ ಬೆಳಿಗ್ಗೆ ಅವ್ವ ಅದೇ ಬಿಂದಿಗೆ ಹಿಡಿದು ಮೇಲಿನ ಬೀದಿಯಲ್ಲಿ ನಿಂತಿರುತ್ತಾಳೆ. ಸಂಘಮಿತ್ರ ಹಾರ ತೆಗೆದಿಟ್ಟು ಎದ್ದಳು.

"ನಿಲ್ಸಿ ಕಂಠಪ್ಪಣ್ಣ. ಇಲ್ಲಿ ನೀರು ಬರಾಕಿಲ್ಲ. ಮೊನ್ನೇನೇ ಗೊತ್ತಿತ್ತು ನಂಗೆ. ಬಾಯಿ ಬುಟ್ಟು ಯೋಳ್ಲಿಲ್ಲ. ತಪ್ಪು ನಂದೇ."

ಕೇರಿ ಗುಸುಗುಸು ಅಂತು. "ಇಷ್ಟೋದಿ ಏನ್ ಬಂತು?" ಅಂದ ಯಾರೋ ಹಿಂದಿನಿಂದ. ಅಂಕಯ್ಯ ತಾನಿಟ್ಟ ಅರಿಸಿನದ ಕಲ್ಲನ್ನೇ ನೋಡುತ್ತ ನಿಂತಿದ್ದ. ಅವನ ಮುಖ ಇಷ್ಟು ಚಿಕ್ಕದಾಗಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಅವ್ಳದಲ್ಲ ಕಣ್ರಪ್ಪ ತಪ್ಪು," ಅಂದ ಕೊನೆಗೆ. "ಕಲ್ಲು ಇಟ್ಟೋನು ನಾನು. ಅವ್ಳು ಬರೋಕ್ಮುಂಚೆ." ಮಗಳ ಕಡೆ ತಿರುಗಿದ. "ಇನ್ನೆಲ್ಲಿ ಒಡಿಸ್ಬೇಕು, ಯೋಳು."

"ಈ ಕರೀಕಲ್ಲಿನ ಗೋಡೆ ದಾಟಿ ಮೇಲ್ಗಡೆ, ನಮ್ ಹಿತ್ಲಲ್ಲಿ. ಕುರಿ ದೊಡ್ಡಿ ಐತಲ್ಲ, ಅಲ್ಲಿ. ಮೇಲಿಂದ ಇಳ್ದು ಬಂದ ನೀರು ಗೋಡೆಗೆ ತಡ್ದು ನಿಂತಿರ್ಬೋದು."

"ಖಾತ್ರಿಯಾ?"

"ಇಲ್ಲ ಕಣಪ್ಪ. ನಾನು ನೀರು ಓದಿಲ್ಲ."

"ಖಾತ್ರಿ ಇಲ್ಲ ಅನ್ನೋ ಪಾಯಿಂಟ್‌ನೋರ್‌ನ ಇವತ್ತೇ ನೋಡಿದ್ದು," ಅಂತ ಅಂಕಯ್ಯ ಗೊಣಗಿ, ಹೋಗಿ ತಾನೇ ದೊಡ್ಡಿಯ ಗೂಟ ಕಿತ್ತ.

ಇನ್ನೂರ ಹತ್ತು ಅಡಿಗೆ ಪುಡಿ ಒದ್ದೆಯಾಯಿತು. ಇನ್ನೂರೈವತ್ತಕ್ಕೆ ಎರಡಿಂಚು ಪೈಪು ತುಂಬುವಷ್ಟು ನೀರು. ಕೆಂಪಾಜಮ್ಮ ಕೆಸರು ನೀರನ್ನೇ ಬಿಂದಿಗೆಗೆ ಹಿಡಿದು, ಯಾರು ಹೇಳಿದರೂ ಚೆಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಸಂಘಮಿತ್ರ ಬ್ಯಾಗು ಹಿಡಿದು ಬಾಗಿಲಿಗೆ ಬಂದರೆ ಜಗಲಿಯ ತುಂಬ ಪಾಯಿಂಟ್ ಮಾಡಿಸಲು ಬಂದ ಜನ, ಎಲ್ಲರ ಚೀಲದಲ್ಲೂ ತೆಂಗಿನಕಾಯಿ. ಮೇಲಿನ ಬೀದಿಯವರೇ ಇಬ್ಬರು. ಅವಳು ಬ್ಯಾಗನ್ನು ಇನ್ನೂ ಬಿಗಿಯಾಗಿ ಹಿಡಿದಳು. ಇನ್ನು ಈ ಊರು ತನ್ನನ್ನು ಬಿಡುವುದಿಲ್ಲ.

ಅಂಕಯ್ಯ ಅವಳ ಕೈಯಿಂದ ಬ್ಯಾಗು ಕಿತ್ತುಕೊಂಡು ಹೆಗಲಿಗೇರಿಸಿದ. "ದಾರಿ ಬುಡ್ರಪ್ಪ. ಅವ್ಳು ನೀರಿನೋಳಲ್ಲ, ಬೆಂಕಿ ಬೆಟ್ಟದೋಳು. ಬಸ್ ಓಯ್ತದೆ."

ಬಸ್ ಸ್ಟಾಪಿನ ತನಕ ಅವನು ಬ್ಯಾಗು ಕೆಳಗಿಳಿಸಲಿಲ್ಲ. ಮೈಸೂರು ಬಸ್ಸು ತಿರುವಿನಲ್ಲಿ ಕಂಡಾಗ ಕೇಳಿದ: "ಆ ಕೋಣೆ ಖಾಲಿಯಾದ್ರೆ ಬೆಟ್ಟ ಕುಸೀತದೆ ಅಂದ್ಯಲ್ಲ ಮಗ. ಆಮ್ಯಾಕೆ ಆ ಹಳ್ಳ ಏನಾಯ್ತದೆ?"

ನಾಲ್ಕನೆಯ ಸಲಕ್ಕೆ ಅಪ್ಪ ಬೇರೆ ಪ್ರಶ್ನೆ ಕೇಳಿದ್ದ.

"ಎಷ್ಟೋ ಕಡೆ ಮಳೆ ಬಿದ್ದು ಬಿದ್ದು ತುಂಬ್ಕೊಂಡು ಕೆರೆ ಆಯ್ತದೆ ಕಣಪ್ಪ."

ಅಂಕಯ್ಯ ಬ್ಯಾಗು ಬಸ್ಸಿನೊಳಗೆ ತಳ್ಳುತ್ತ ಊರಿಗೆಲ್ಲ ಕೇಳುವ ಹಾಗೆ ನಕ್ಕ. "ನೋಡ್ದಾ? ಕೊನೇಗೆ ನೀರೇ ಸಿಕ್ತು!"